ಕಸದ ಕಾನೂನು, ನಿಸರ್ಗದ ಕಾನೂನು

ಕಾನೂನುಗಳಲ್ಲಿ ಎರಡು ಬಗೆ. ಒಂದು, ಮನುಷ್ಯರು ಕೂಡಿ ಮಾಡಿಕೊಂಡದ್ದು. ರಸ್ತೆಯ ಎಡಬದಿಯಲ್ಲಿಯೇ ವಾಹನ ನಡೆಸಬೇಕೆಂಬುದು ಇಂಥದು. ಬಲಬದಿಯಲ್ಲಿ ನಡೆಸಬೇಕೆಂದು ವಿಧಿಸಿಕೊಂಡ ದೇಶಗಳೂ ಉಂಟು. ಅದರಿಂದ ಅವಕ್ಕೇನೂ ಕೇಡಾಗಿಲ್ಲ. ಇನ್ನೊಂದು, ಯಾರೂ ಮಾಡದೆಯೇ ಇರುವ ಕಾನೂನು. ಮೇಲೆಸೆದ ಕಲ್ಲು ಕೆಳಕ್ಕೆ ಬೀಳುವುದು, ಕಾಯಿಸಿಟ್ಟ ಹಾಲು ತಾನಾಗಿ ಆರುವುದು ಇವೆಲ್ಲ ಇದರ ಅಧೀನ. ಮೊದಲನೆಯದನ್ನು ಮುರಿದವನು ಸಿಕ್ಕಿಬಿದ್ದರೆ ದಂಡ ತೆರುತ್ತಾನೆ, ಸಿಕ್ಕದಿದ್ದರೆ ಪಾರಾಗುತ್ತಾನೆ. ಎರಡನೆಯದನ್ನು ಮುರಿಯುವುದು ಯಾರಿಂದಲೂ ಆಗದು. ಅದನ್ನು ಲೆಕ್ಕಿಸದೆ ನಡೆದರೆ ಅದರ ಬೆಲೆಯನ್ನು ಯಾರಾದರೂ ಎಲ್ಲಿಯಾದರೂ ತೆರಲೇಬೇಕು.

ಮನೆಯ ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಬೇರೆಯಾಗಿ ಇಡಬೇಕೆಂದು ನಗರಸಭೆಗಳು ವಿಧಿಸಿರುವ ನಿಯಮ ಇವೆರಡರಲ್ಲಿ ಯಾವ ಬಗೆಗೆ ಸೇರಿದ್ದು? ಮೇಲುನೋಟಕ್ಕೆ ಮೊದಲನೆಯದಕ್ಕೆ. ಬಹು ಮಂದಿ ಅದನ್ನು ಅಧಿಕಾರಿಗಳು ಹೊರಿಸಿದ ಒಂದು ಕಿರಿಕಿರಿಯೆಂದೇ ಎಣಿಸುತ್ತಾರೆ. ಹೇಗೂ ಎಲ್ಲವೂ ಕಸವೇ ತಾನೆ, ಒಂದೇ ಬುಟ್ಟಿಯಲ್ಲಿ ಹಾಕಿದರೆ ಏನಾಯಿತು ಎಂದು ಕೇಳುತ್ತಾರೆ. ಈ ನಿಯಮದ ಮೈ ಮಾತ್ರ ಮನುಷ್ಯನ ಕಾನೂನಿನದು, ಬೇರು ನಿಸರ್ಗದ ಕಾನೂನಿನಲ್ಲಿದೆ ಎಂಬುದನ್ನು ವಾಚಕರಿಗೆ ತೋರಿಸಿಕೊಡುವುದು ಈ ಲೇಖನದ ಉದ್ದೇಶ.

೧. ತಿಪ್ಪೆಯ ಕಾಲ

ನಮ್ಮ ಹಳ್ಳಿಗಳಲ್ಲಿ ಮನೆಗೊಂದು ತಿಪ್ಪೆಯಿತ್ತು. ಸಗಣಿ, ಬೂದಿ, ಒಣಗಿದ ಎಲೆ, ಉಂಡೆಸೆದ ಬಾಳೆಲೆ, ತರಕಾರಿಯ ಸಿಪ್ಪೆ, ಹುಲ್ಲಿನ ಕೂಳೆ ಎಲ್ಲವೂ ಅಲ್ಲಿಗೆ ಹೋಗಿ ಬೀಳುತ್ತಿದ್ದವು. ಯಾರೂ ಅವನ್ನು ವಿಂಗಡಿಸುತ್ತಿರಲಿಲ್ಲ. ಮಳೆಗಾಲದ ಮುಂಚೆ ತಿಪ್ಪೆಯನ್ನು ಅಗೆದು ಗೊಬ್ಬರವನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹಾಗಾದರೆ ಅಂದು ಬೇಡವಾಗಿದ್ದ ವಿಂಗಡಣೆ ಇಂದು ಏಕೆ ಬೇಕಾಯಿತು?

ತಿಪ್ಪೆಗೆ ಬೀಳುತ್ತಿದ್ದ ವಸ್ತುಗಳು ನೋಟಕ್ಕೆ ನಾನಾ ಬಗೆಯಾಗಿದ್ದರೂ ಬೂದಿಯೊಂದನ್ನು ಬಿಟ್ಟರೆ ಮಿಕ್ಕವುಗಳ ಗುಣ ಒಂದೇ: ಅವೆಲ್ಲವೂ ಸೂಕ್ಷ್ಮಜೀವಿಗಳ ಆಹಾರ. ಬೂದಿಯೂ ಮಣ್ಣಿಗೆ ಹಿತವಾದ ಲವಣವೇ. ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳು ಈ ಆಹಾರವನ್ನು ಅರಗಿಸಿಕೊಳ್ಳುವಾಗ ಉಷ್ಣ ಹೊರಬೀಳುತ್ತದೆ. ಗಾಳಿಯಾಡುವ ದೊಡ್ಡ ರಾಶಿಯ ಒಳಗೆ ಉಷ್ಣತೆ ೫೫ರಿಂದ ೬೦ ಡಿಗ್ರಿ ಸೆಲ್ಸಿಯಸ್‌ವರೆಗೂ ಏರುವುದುಂಟು. ಈ ಬಿಸಿಗೆ ಅನೇಕ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ.

ಈ ಹಳೆಯ ವಿದ್ಯೆಯನ್ನು ಪಟ್ಟಣದ ಕಸಕ್ಕೆ ಅನ್ವಯಿಸಿದ ಕೀರ್ತಿಯಲ್ಲಿ ನಮ್ಮ ನಾಡಿಗೂ ಪಾಲಿದೆ. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರು ಕಂದಕಗಳಲ್ಲಿ ಪಟ್ಟಣದ ಕಸವನ್ನೂ ಮಲವನ್ನೂ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ ಗೊಬ್ಬರ ಮಾಡುವ ಕ್ರಮವೊಂದನ್ನು ರೂಪಿಸಿದರು. ಕೃಷಿಗ್ರಂಥಗಳಲ್ಲಿ ಅದು ಇಂದಿಗೂ 'ಬೆಂಗಳೂರು ಪದ್ಧತಿ' ಎಂದೇ ಪ್ರಸಿದ್ಧವಾಗಿದೆ.

ಆಗ ಪಟ್ಟಣದ ಕಸವೆಂದರೂ ಬಹುಮಟ್ಟಿಗೆ ತಿಪ್ಪೆಯ ಕಸವೇ. ಆಮೇಲೆ ಪ್ಲಾಸ್ಟಿಕ್ಕು ಬಂದಿತು. ಒಣಬ್ಯಾಟರಿ, ಟ್ಯೂಬ್‌ಲೈಟು, ಔಷಧದ ಪಟ್ಟಿ, ಬಣ್ಣದ ಡಬ್ಬ, ಕ್ಷೌರದ ಬ್ಲೇಡು ಬಂದವು. ಇವು ಸೂಕ್ಷ್ಮಜೀವಿಗಳ ಆಹಾರವಲ್ಲ. ಕೆಲವು ಅವಕ್ಕೂ ನಮಗೂ ವಿಷ. ಒಂದೇ ಗುಣದ ವಸ್ತುಗಳು ಬೆರೆತರೆ ಅದು ತಿಪ್ಪೆ. ಪರಸ್ಪರ ವಿರುದ್ಧ ಗುಣದ ವಸ್ತುಗಳು ಬೆರೆತರೆ ಅದು ಗೊಬ್ಬರವೂ ಆಗದು, ಉರುವಲೂ ಆಗದು, ಕಚ್ಚಾ ಸಾಮಗ್ರಿಯೂ ಆಗದು.

೨. ನಿಯಮ ಬೆಳೆದ ಬಗೆ

ಪಟ್ಟಣದ ಕಸಕ್ಕೆ ವಿಂಗಡಣೆಯ ನಿಯಮ ಹೊಸದೇನೂ ಅಲ್ಲ. ೧೮೮೩ರಲ್ಲಿ ಪ್ಯಾರಿಸ್ ನಗರದ ಆಡಳಿತಾಧಿಕಾರಿಯಾಗಿದ್ದ ಯುಜೀನ್ ಪೂಬೆಲ್ ಎಂಬಾತ, ಪ್ರತಿಯೊಂದು ಕಟ್ಟಡದ ಒಡೆಯನೂ ಮುಚ್ಚಳವಿರುವ ಕಸದ ಪಾತ್ರೆಗಳನ್ನು ಒದಗಿಸಬೇಕೆಂದು ಆಜ್ಞೆ ಹೊರಡಿಸಿದನು. ಕೊಳೆಯುವ ಕಸಕ್ಕೆ ಒಂದು, ಕಾಗದ ಮತ್ತು ಚಿಂದಿ ಬಟ್ಟೆಗೆ ಒಂದು, ಗಾಜು ಪಿಂಗಾಣಿ ಚಿಪ್ಪುಗಳಿಗೆ ಒಂದು, ಹೀಗೆ ಮೂರು ಪಾತ್ರೆಗಳು! ವಿಂಗಡಣೆ ಆಗ ಸರಿಯಾಗಿ ಆಚರಣೆಗೆ ಬರಲಿಲ್ಲ. ಆದರೆ ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಕ್ಕೆ ಇಂದಿಗೂ ಆತನ ಹೆಸರೇ ಉಳಿದಿದೆ.

ನಮ್ಮಲ್ಲಿ ನಗರನೈರ್ಮಲ್ಯದ ನಿಯಮಗಳಿಗೆ ಬಲ ತಂದದ್ದು ರೋಗದ ಭಯ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ತಗಲಿದ ಬಳಿಕವೇ ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿ ಬೆಳಕುಳ್ಳ ಹೊಸ ಬಡಾವಣೆಗಳು ಮೈದಳೆದವು. ಆ ಕಾಲದ ನಿಯಮಗಳ ತಿರುಳು ಒಂದೇ ಮಾತಿನಲ್ಲಿತ್ತು: ಕಸವನ್ನು ಊರಾಚೆಗೆ ಸಾಗಿಸಿ. ೧೯೯೪ರಲ್ಲಿ ಸೂರತ್ ನಗರದಲ್ಲಿ ಮತ್ತೆ ಪ್ಲೇಗಿನ ಹಾವಳಿಯಾದಾಗ ಇಡೀ ದೇಶ ಬೆಚ್ಚಿತು. ೧೯೯೬ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ನಗರಗಳ ಕಸದ ದುಃಸ್ಥಿತಿಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅದರ ಫಲವಾಗಿ ನೇಮಕಗೊಂಡ ಸಮಿತಿ ೧೯೯೯ರಲ್ಲಿ ವರದಿ ಕೊಟ್ಟಿತು; ೨೦೦೦ದಲ್ಲಿ ಕೇಂದ್ರ ಸರ್ಕಾರ ನಗರಗಳ ಘನತ್ಯಾಜ್ಯಕ್ಕೆ ನಿಯಮಾವಳಿಯೊಂದನ್ನು ಹೊರಡಿಸಿತು.

ನಿಯಮ ಬಂದರೂ ರೂಢಿ ಬದಲಾಗಲಿಲ್ಲ. ಬೆಂಗಳೂರಿನ ಕಸ ಮಾವಳ್ಳಿಪುರ, ಮಂಡೂರುಗಳಂಥ ಹಳ್ಳಿಗಳ ಬದಿಯಲ್ಲಿ ಬೆಟ್ಟವಾಗಿ ಬೆಳೆಯಿತು. ನಗರಕ್ಕೆ ಯಾವುದು ಊರಾಚೆಯೋ ಅದು ಇನ್ನೊಬ್ಬರಿಗೆ ಊರು ಎಂಬುದನ್ನು ನಗರ ಮರೆತಿತ್ತು. ನೊಣ, ನಾತ, ಕೆಟ್ಟ ನೀರು ಇವುಗಳ ನಡುವೆ ಬಾಳಿದ ಹಳ್ಳಿಗರು ಕಡೆಗೆ ಲಾರಿಗಳನ್ನು ತಡೆದು ನಿಂತರು. ೨೦೧೨ರಲ್ಲಿ ಮಾವಳ್ಳಿಪುರದ ದಾರಿ ಮುಚ್ಚಿದಾಗ ನಗರದ ಬೀದಿಗಳಲ್ಲಿಯೇ ಕಸ ರಾಶಿಬಿದ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಪಾಲಿಕೆ ಮನೆಯಲ್ಲಿಯೇ ವಿಂಗಡಿಸುವುದನ್ನು ಕಡ್ಡಾಯ ಮಾಡಿತು. ೨೦೧೪ರ ಕೊನೆಗೆ ಮಂಡೂರಿಗೂ ಲಾರಿಗಳು ಹೋಗುವುದು ನಿಂತಿತು. ೨೦೧೫ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಹಸಿ ಕಸಕ್ಕೆ ಒಂದು ಬುಟ್ಟಿ, ತಿರಸ್ಕೃತ ಕಸಕ್ಕೆ ಇನ್ನೊಂದು, ಒಣ ಕಸಕ್ಕೆ ಒಂದು ಚೀಲ ಎಂಬ ಏರ್ಪಾಡನ್ನು ಬೆಂಗಳೂರಿನ ಮನೆಗಳಿಗೆ ವಿಧಿಸಿತು.

೨೦೧೬ರಲ್ಲಿ ಕೇಂದ್ರದ ನಿಯಮಾವಳಿ ಹೊಸ ರೂಪ ತಾಳಿತು. ಕೊಳೆಯುವ ಕಸ, ಕೊಳೆಯದ ಕಸ, ಮನೆಯಲ್ಲಿ ಹುಟ್ಟುವ ಅಪಾಯಕಾರಿ ಕಸ ಎಂದು ಮೂರು ಭಾಗ ಮಾಡಿಯೇ ಕೊಡಬೇಕೆಂದು ಅದು ಹೇಳಿತು. ಬೀದಿಯಲ್ಲಾಗಲಿ ಚರಂಡಿಯಲ್ಲಾಗಲಿ ಕೆರೆಯಲ್ಲಾಗಲಿ ಕಸ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದು ಅದು ನಾಗರಿಕನಿಗೆ ವಿಧಿಸಿತು. ವಿಂಗಡಿಸಿದ ಕಸವನ್ನು ಮನೆಬಾಗಿಲಿನಿಂದ ಸಂಗ್ರಹಿಸಿ, ಮತ್ತೆ ಬೆರೆಯದಂತೆ ಸಾಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿತು.

ಒಂದು ಶತಮಾನದ ಹಿಂದೆ 'ಊರಾಚೆಗೆ ಸಾಗಿಸಿ' ಎಂದಿದ್ದ ನಿಯಮ ಈಗ 'ಮನೆಯಲ್ಲಿ ಬೇರ್ಪಡಿಸಿ' ಎನ್ನತೊಡಗಿತು. ಗಾಡಿ ಹತ್ತಿಸುವ ಜಾಗದಲ್ಲಿಯೋ ಊರಾಚೆಯ ಕಾರ್ಖಾನೆಯಲ್ಲಿಯೋ ಅಲ್ಲ, ಅಡಿಗೆಮನೆಯಲ್ಲಿ. ಏಕೆ ಅಲ್ಲಿಯೇ?

೩. ರಾಗಿ ಮತ್ತು ಸಾಸಿವೆ

ಒಂದು ಸರಳ ಪ್ರಯೋಗವನ್ನು ಭಾವಿಸಿಕೊಳ್ಳೋಣ. ಸಾಲಾಗಿ ಎಂಟು ಗುಳಿಗಳಿವೆ. ನಾಲ್ಕು ರಾಗಿಯ ಕಾಳು, ನಾಲ್ಕು ಸಾಸಿವೆಯ ಕಾಳು ಇವುಗಳನ್ನು ಗುಳಿಗೊಂದರಂತೆ ಇಡಬೇಕು. ಒಟ್ಟು ೭೦ ವಿಧಗಳಲ್ಲಿ ಹೀಗೆ ಇಡಬಹುದು. ಈ ೭೦ರಲ್ಲಿ ರಾಗಿಯೆಲ್ಲ ಒಂದು ಕಡೆ, ಸಾಸಿವೆಯೆಲ್ಲ ಇನ್ನೊಂದು ಕಡೆ ಇರುವ ಜೋಡಣೆಗಳು ಎರಡೇ ಎರಡು. ಕಾಳುಗಳನ್ನು ಹತ್ತು ಹತ್ತಕ್ಕೆ ಏರಿಸಿದರೆ ಒಟ್ಟು ಜೋಡಣೆಗಳು ೧,೮೪,೭೫೬ ಆಗುತ್ತವೆ. ಬೇರ್ಪಟ್ಟ ಜೋಡಣೆಗಳು ಮಾತ್ರ ಆಗಲೂ ಎರಡೇ. ಇನ್ನು ಒಂದು ಹಿಡಿ ರಾಗಿ, ಒಂದು ಹಿಡಿ ಸಾಸಿವೆಯ ಮಾತನ್ನು ಹೇಳಬೇಕೆ? ಡಬ್ಬದಲ್ಲಿ ಹಾಕಿ ಕುಲುಕಿದರೆ ಅವು ಬೆರೆಯುತ್ತವೆ; ಎಷ್ಟು ಯುಗಗಳ ಕಾಲ ಕುಲುಕಿದರೂ ಬೇರೆಯಾಗವು. ಬೆರೆಯುವುದಕ್ಕೆ ದಾರಿಗಳು ಅಸಂಖ್ಯಾತ, ಬೇರ್ಪಡುವುದಕ್ಕೆ ಒಂದೆರಡು. ಭೌತವಿಜ್ಞಾನದಲ್ಲಿ ಎಂಟ್ರೊಪಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಪರಿಮಾಣದ ಹಿಂದಿರುವ ಭಾವನೆ ಇದೇ. ತನ್ನ ಪಾಡಿಗೆ ಬಿಟ್ಟ ವ್ಯವಸ್ಥೆ ಕ್ರಮದಿಂದ ಅಕ್ರಮದತ್ತ ಸಾಗುತ್ತದೆ.

ಬೆರೆತ ಕಾಳನ್ನು ಬೇರ್ಪಡಿಸಲು ತಗಲುವ ಶ್ರಮ ಎತ್ತುವ ಶ್ರಮವಲ್ಲ. ಒಂದು ಸಾಸಿವೆಯ ಕಾಳನ್ನು ಎತ್ತಿಡುವುದಕ್ಕೆ ಬಲವೇನೂ ಬೇಡ. ಇದು ರಾಗಿ, ಇದು ಸಾಸಿವೆ ಎಂದು ಒಂದೊಂದನ್ನೂ ಗುರುತಿಸುವುದೇ ನಿಜವಾದ ಶ್ರಮ. ಎಂದರೆ ಬೇರ್ಪಡಿಸುವುದಕ್ಕೆ ಬೇಕಾದ ಮುಖ್ಯ ಸಾಮಗ್ರಿ ತಿಳಿವಳಿಕೆ.

ಈಗ ಅಡಿಗೆಮನೆಗೆ ಬರೋಣ. ಬಾಳೆಹಣ್ಣಿನ ಸಿಪ್ಪೆ ಸುಲಿದ ಕೈಗೆ ಅದು ಸಿಪ್ಪೆಯೆಂದು ಗೊತ್ತಿದೆ. ಹಾಲಿನ ಪೊಟ್ಟಣ ಕತ್ತರಿಸಿದ ಕೈಗೆ ಅದು ಪ್ಲಾಸ್ಟಿಕ್ಕೆಂದು ಗೊತ್ತಿದೆ. ಒಡೆದ ಲೋಟದ ಚೂರನ್ನು ಎತ್ತಿದ ಕೈಗೆ ಅದು ಗಾಜೆಂದು ಚೆನ್ನಾಗಿ ಗೊತ್ತಿದೆ. ಆ ಕ್ಷಣದಲ್ಲಿ ಗುರುತಿಸುವ ಕೆಲಸ ಆಗಲೇ ಮುಗಿದಿರುತ್ತದೆ, ಅದಕ್ಕೆ ಕಾಸಿನ ಖರ್ಚೂ ಇಲ್ಲ. ಮೂರೂ ಒಂದೇ ಬುಟ್ಟಿಗೆ ಬಿದ್ದ ಮರುಕ್ಷಣ ಆ ತಿಳಿವಳಿಕೆ ನಷ್ಟವಾಗುತ್ತದೆ. ಅದನ್ನು ಮರಳಿ ಪಡೆಯಬೇಕಾದರೆ ಯಾರಾದರೂ ಆ ರಾಶಿಯನ್ನು ಕೆದಕಿ ಒಂದೊಂದನ್ನೂ ಹೊಸದಾಗಿ ಗುರುತಿಸಬೇಕು. ಅಷ್ಟು ಹೊತ್ತಿಗೆ ಸಾರು ಕಾಗದವನ್ನು ನೆನೆಸಿರುತ್ತದೆ, ಎಣ್ಣೆ ಬಟ್ಟೆಗೆ ಅಂಟಿರುತ್ತದೆ, ಗಾಜು ಅನ್ನದೊಳಗೆ ಅಡಗಿರುತ್ತದೆ. ವಿಂಗಡಣೆ ಅತಿ ಅಗ್ಗವಾಗಿರುವ ಸ್ಥಳ ಜಗತ್ತಿನಲ್ಲಿ ಒಂದೇ, ಅದು ಕಸ ಹುಟ್ಟಿದ ಸ್ಥಳ. ನಿಯಮ ಅಲ್ಲಿಯೇ ಬೆರಳಿಟ್ಟು ತೋರಿಸುತ್ತದೆ.

೪. ಸುಡೋಣವೆಂದರೆ

ಎಲ್ಲವನ್ನೂ ಸುಟ್ಟು ವಿದ್ಯುಚ್ಛಕ್ತಿ ತೆಗೆಯಬಾರದೇಕೆ ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡೋಣ. ತರಕಾರಿ ಸಿಪ್ಪೆಯಲ್ಲಿ ನೂರಕ್ಕೆ ಸುಮಾರು ೮೦ ಪಾಲು ನೀರು. ಒಂದು ಕಿಲೊಗ್ರಾಂ ನೀರನ್ನು ೨೫ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ೭೫ ಕಿಲೊಕ್ಯಾಲೊರಿ ಉಷ್ಣ ಬೇಕು, ಅದನ್ನು ಆವಿಯಾಗಿಸಲು ಮತ್ತೆ ಸುಮಾರು ೫೪೦ ಕಿಲೊಕ್ಯಾಲೊರಿ ಗುಪ್ತೋಷ್ಣ ಬೇಕು, ಒಟ್ಟು ೬೧೫. ಒಂದು ಕಿಲೊ ಸಿಪ್ಪೆಯಲ್ಲಿರುವ ೮೦೦ ಗ್ರಾಂ ನೀರಿಗೆ ಇದು ೪೯೨ ಕಿಲೊಕ್ಯಾಲೊರಿ ಆಯಿತು. ಉಳಿದ ೨೦೦ ಗ್ರಾಂ ಒಣಪದಾರ್ಥ ಉರಿದರೆ, ಗ್ರಾಮಿಗೆ ೪ ಕಿಲೊಕ್ಯಾಲೊರಿಯಂತೆ, ಸಿಕ್ಕುವುದು ೮೦೦. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತನ್ನ ನೀರನ್ನು ತಾನೇ ಒಣಗಿಸಿಕೊಳ್ಳುವುದರಲ್ಲಿ ಮುಗಿದು, ನಮಗೆ ಉಳಿಯುವುದು ೩೦೦ರ ಆಸುಪಾಸು.

ಒಣ ಕಾಗದವಾದರೋ ಕಿಲೊಗ್ರಾಮಿಗೆ ಸುಮಾರು ೩,೫೦೦ ಕಿಲೊಕ್ಯಾಲೊರಿ ಕೊಡುತ್ತದೆ. ಅದಕ್ಕೆ ಮೂರು ಕಿಲೊ ಸಿಪ್ಪೆ ಬೆರೆಸಿದಿರೋ, ಮಿಶ್ರಣದ ಸರಾಸರಿ ೧,೧೦೦ಕ್ಕೆ ಇಳಿಯಿತು. ಕಿಲೊಗ್ರಾಮಿಗೆ ೧,೫೦೦ ಕಿಲೊಕ್ಯಾಲೊರಿ ಅಥವಾ ಅದಕ್ಕೂ ಹೆಚ್ಚು ಉಷ್ಣ ಕೊಡಬಲ್ಲ, ಮರುಬಳಕೆಗೆ ಬಾರದ ಕಸವನ್ನು ಹೂಳಬಾರದು, ಶಕ್ತಿಯ ಉತ್ಪಾದನೆಗೇ ಬಳಸಬೇಕು ಎಂದು ೨೦೧೬ರ ನಿಯಮ ಹೇಳಿತು. ಬೆರೆಸಿದ ಮಾತ್ರಕ್ಕೆ ಒಳ್ಳೆಯ ಉರುವಲೊಂದು ಆ ಗೆರೆಯಿಂದ ಕೆಳಕ್ಕೆ ಜಾರಿದುದನ್ನು ವಾಚಕರು ಗಮನಿಸಬೇಕು. ಇತ್ತ ಗೊಬ್ಬರವಾಗಬೇಕಾಗಿದ್ದ ಸಿಪ್ಪೆಯೂ ಕೆಟ್ಟಿತು. ಇನ್ನು ಬೀದಿಯ ಮೂಲೆಯಲ್ಲಿ ಬೆಂಕಿ ಹಚ್ಚುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಉಷ್ಣತೆ ಸಾಲದೆ ಹೊಗೆಯಾಡುವ ಆ ಬೆಂಕಿಯಲ್ಲಿ ಕ್ಲೋರಿನ್ ಇರುವ ಪ್ಲಾಸ್ಟಿಕ್ಕುಗಳು ಡೈಆಕ್ಸಿನ್ ಎಂಬ ಘೋರ ವಿಷಗಳನ್ನು ಉಂಟುಮಾಡುತ್ತವೆ.

೫. ಹೂಳೋಣವೆಂದರೆ

ಬೆರೆತ ಕಸವನ್ನು ಗುಡ್ಡೆ ಹಾಕಿ ಮಣ್ಣು ಮುಚ್ಚಿದರೂ ನಿಸರ್ಗ ಸುಮ್ಮನಿರುವುದಿಲ್ಲ. ಗಾಳಿ ಹೋಗದ ಆಳದಲ್ಲಿ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಹಸಿ ಕಸವನ್ನು ಕೊಳೆಸುತ್ತವೆ. ಅಲ್ಲಿಂದ ಹೊರಡುವ ಅನಿಲದಲ್ಲಿ ಸುಮಾರು ಅರ್ಧ ಮೀಥೇನ್. ಗಾಳಿಯಲ್ಲಿ ನೂರಕ್ಕೆ ೫ರಿಂದ ೧೫ ಪಾಲು ಮೀಥೇನ್ ಸೇರಿದರೆ ಕಿಡಿ ತಗಲಿದೊಡನೆ ಹೊತ್ತಿಕೊಳ್ಳುತ್ತದೆ. ಕಸದ ಗುಡ್ಡಗಳು ಬೇಸಗೆಯಲ್ಲಿ ದಿನಗಟ್ಟಲೆ ಉರಿಯುವುದಕ್ಕೆ ಇದೂ ಒಂದು ಕಾರಣ. ಉರಿಯದೆ ಆಕಾಶಕ್ಕೆ ಸೇರಿದರೆ, ನೂರು ವರ್ಷಗಳ ಅವಧಿಯಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೨೮ ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುತ್ತದೆ.

ಮಳೆನೀರು ಗುಡ್ಡದ ಮೂಲಕ ಇಳಿದು ಕಪ್ಪು ಕಷಾಯವಾಗಿ ಬುಡದಲ್ಲಿ ಒಸರುತ್ತದೆ. ಬ್ಯಾಟರಿಯ ಲೋಹಗಳು, ಔಷಧಗಳು, ಬಣ್ಣಗಳು ಎಲ್ಲವೂ ಅದರಲ್ಲಿ ಕರಗಿರುತ್ತವೆ. ಆದ್ದರಿಂದಲೇ ಹೂಳುವ ನೆಲದ ತಳದಲ್ಲಿ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯೂ ಅದರ ಕೆಳಗೆ ೯೦ ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಪದರವೂ ಇರಬೇಕೆಂದು ನಿಯಮ ವಿಧಿಸಿತು. ನೀರು ಆ ಮಣ್ಣಿನಲ್ಲಿ ಇಳಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲನ್ನು ಮೀರಬಾರದು. ವರ್ಷವೊಂದರಲ್ಲಿ ಸುಮಾರು ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡುಗಳಿವೆ. ಅಂದಮೇಲೆ ವರ್ಷಕ್ಕೆ ಇಳಿಯಬಹುದಾದ ನೀರು ಮೂರು ಸೆಂಟಿಮೀಟರಿಗೆ ತುಸು ಹೆಚ್ಚು. ನದಿಯಿಂದ ೧೦೦ ಮೀಟರ್, ಕೆರೆ ಬಾವಿ ವಸತಿಗಳಿಂದ ೨೦೦ ಮೀಟರ್ ದೂರವಿರಬೇಕೆಂದೂ ಅದೇ ನಿಯಮ ಹೇಳಿತು. ಕಾಗದದ ಮೇಲೆ ಒಣಗಿದಂತೆ ಕಾಣುವ ಈ ಅಂಕಿಗಳ ಹಿಂದೆ ಯಾರದೋ ಮನೆಯ ಕುಡಿಯುವ ನೀರಿದೆ.

ಗುಡ್ಡಕ್ಕೆ ಇನ್ನೊಂದು ಅಪಾಯವುಂಟು. ಇಳಿಜಾರಿನಲ್ಲಿ ರಾಶಿ ನಿಂತಿರುವುದು ಘರ್ಷಣೆಯ ಬಲದಿಂದ. ಘರ್ಷಣೆ ಹುಟ್ಟುವುದು ಪದರಗಳು ಒಂದನ್ನೊಂದು ಒತ್ತುವುದರಿಂದ. ಸಂದುಗಳಲ್ಲಿ ನೀರು ತುಂಬಿದರೆ ಮೇಲಿನ ಭಾರದ ಒಂದು ಪಾಲನ್ನು ನೀರೇ ಹೊರುತ್ತದೆ. ಪದರಗಳ ನಡುವಣ ಒತ್ತಡ ಕುಗ್ಗುತ್ತದೆ, ಅದರೊಡನೆ ಘರ್ಷಣೆಯೂ ಕುಗ್ಗುತ್ತದೆ. ಇತ್ತ ನೀರು ಕುಡಿದ ರಾಶಿಯ ತೂಕ ಮಾತ್ರ ಏರುತ್ತಲೇ ಇರುತ್ತದೆ. ೨೦೧೯ರ ಆಗಸ್ಟಿನ ಭಾರೀ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರ ಪ್ರದೇಶದ ಮೇಲೆ ಹರಿಯಿತು. ಮನೆಗಳೂ ಅಡಿಕೆ ತೆಂಗಿನ ತೋಟಗಳೂ ಅದರಡಿ ಹೂತುಹೋದವು. ಹಲವು ಕುಟುಂಬಗಳು ಮನೆಮಠ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ತಲೆಮಾರುಗಳಿಂದ ಬೆಳೆಸಿದ ತೋಟವನ್ನು ನುಂಗಿದ್ದು ಬೆಟ್ಟದ ಮಣ್ಣಲ್ಲ, ಪೇಟೆಯವರು ಮರೆತುಬಿಟ್ಟಿದ್ದ ಕಸ.

೬. ಕೆಲಸ ಯಾರ ಕೈಗೆ?

ಇಷ್ಟರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ವಿಂಗಡಿಸುವ ಕೆಲಸವನ್ನು ನಾವು ಮಾಡದಿದ್ದರೆ ಅದು ಇಲ್ಲವಾಗುವುದಿಲ್ಲ. ಬೇರೆಯವರ ಕೈಗೆ ದಾಟುತ್ತದೆ, ದಾಟುವಾಗ ನೂರು ಪಟ್ಟು ಕಷ್ಟವೂ ಕೊಳಕೂ ಆಗುತ್ತದೆ. ಬೆಳಗಿನ ಜಾವ ಗಾಡಿಯ ಬಳಿ ನಿಂತು ಬರಿಗೈಯಲ್ಲಿ ನಮ್ಮ ಬುಟ್ಟಿಯನ್ನು ಕೆದಕುವ ಪೌರಕಾರ್ಮಿಕ ಹೆಂಗಸಿನ ಬೆರಳಿಗೆ ತಾಗುವುದು ನಾವು ಅನ್ನದೊಡನೆ ಎಸೆದ ಗಾಜಿನ ಚೂರು. ಆಕೆಯೂ ಮಾಡದಿದ್ದರೆ ಚಿಂದಿ ಆಯುವವರು. ಅವರಿಗೂ ಆಗದ್ದು ಮಂಡೂರಿನವರ ಬಾವಿಗೆ, ಮಂದಾರದವರ ತೋಟಕ್ಕೆ. ನಿಸರ್ಗ ಸಾಲವನ್ನು ಮನ್ನಾ ಮಾಡುವುದಿಲ್ಲ. ಸಾಲ ಮಾಡಿದವನನ್ನೇ ಹುಡುಕಿ ವಸೂಲು ಮಾಡುವ ನ್ಯಾಯಬುದ್ಧಿಯೂ ಅದಕ್ಕಿಲ್ಲ. ಆ ನ್ಯಾಯವನ್ನು ಒದಗಿಸುವುದಕ್ಕಾಗಿಯೇ ಮನುಷ್ಯನ ಕಾನೂನು ಬೇಕಾದದ್ದು.

'ನಾವು ಬೇರೆ ಮಾಡಿ ಕೊಟ್ಟರೂ ಅವರು ಲಾರಿಯಲ್ಲಿ ಒಟ್ಟಿಗೆ ಸುರಿಯುತ್ತಾರೆ' ಎಂಬ ಆಕ್ಷೇಪಣೆಯನ್ನು ಎಲ್ಲ ಊರುಗಳಲ್ಲಿಯೂ ಕೇಳುತ್ತೇವೆ. ಹಾಗೆ ನಡೆಯುವ ಕಡೆ ಆಕ್ಷೇಪಣೆ ನ್ಯಾಯವಾದದ್ದೇ. ಒಂದು ಕ್ಷಣದ ಬೆರಕೆ ಸಾವಿರ ಮನೆಗಳ ಎಚ್ಚರವನ್ನು ಹಾಳುಮಾಡುತ್ತದೆ ಎಂಬುದಕ್ಕೆ ರಾಗಿ ಸಾಸಿವೆಗಳ ಲೆಕ್ಕವೇ ಸಾಕ್ಷಿ. ಆದರೆ ನಿಯಮ ನಾಗರಿಕನನ್ನು ಕಟ್ಟಿದಷ್ಟೇ ನಗರಸಭೆಯನ್ನೂ ಕಟ್ಟಿದೆ. ತನ್ನ ಪಾಲಿನ ಕರ್ತವ್ಯವನ್ನು ಮಾಡಿದವನು ಮಾತ್ರ ಇನ್ನೊಬ್ಬರ ಪಾಲಿನದನ್ನು ಧೈರ್ಯವಾಗಿ ಕೇಳಬಲ್ಲ. ಬೇರ್ಪಡಿಸಿದ ಕಸವನ್ನು ಹಿಡಿದು ನಿಂತ ಬೀದಿಗೆ, ಬೇರೆ ಗಾಡಿ ಎಲ್ಲಿ ಎಂದು ಕೇಳುವ ಹಕ್ಕಿದೆ.

ಈ ಲೇಖನವನ್ನು ಓದಿ ಒಪ್ಪಿಕೊಳ್ಳಬೇಕೆಂದು ವಿದ್ಯಾರ್ಥಿಗಳನ್ನು ನಾವು ಕೇಳುವುದಿಲ್ಲ. ಪರೀಕ್ಷಿಸಿ ನೋಡಬೇಕೆಂದು ಕೇಳುತ್ತೇವೆ. ಒಂದು ತಕ್ಕಡಿ ಸಾಕು. ಏಳು ದಿನಗಳ ಕಾಲ ಮನೆಯ ಹಸಿ ಕಸ, ಒಣ ಕಸ, ಅಪಾಯಕಾರಿ ಕಸಗಳನ್ನು ಬೇರೆಯಾಗಿ ತೂಗಿ ಬರೆದಿಡಿ. ತರಕಾರಿ ಸಿಪ್ಪೆಯಲ್ಲಿ ೧೦೦ ಗ್ರಾಂ ತೆಗೆದುಕೊಂಡು, ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಿನಲ್ಲಿ ಒಣಗಿಸಿ ಮತ್ತೆ ತೂಗಿ. ಎಷ್ಟು ಉಳಿಯಿತು, ಎಷ್ಟು ನೀರಾಗಿ ಹೋಯಿತು ಎಂಬುದು ತಿಳಿಯುತ್ತದೆ. ಕಡೆಗೆ, ಒಂದು ದಿನದ ಕಸವನ್ನು ಬೇರೆ ಬೇರೆ ಡಬ್ಬಗಳಿಗೆ ಹಾಕಲು ಒಟ್ಟು ಎಷ್ಟು ನಿಮಿಷ ತಗಲಿತೆಂದು ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ. ಆ ಅಂಕಿಯನ್ನು ಮನೆಯ ಹಿರಿಯರಿಗೆ ತೋರಿಸಿ. ನಿಯಮದ ಪರವಾಗಿ ಅದಕ್ಕಿಂತ ಬಲವಾದ ವಾದವನ್ನು ನಾವು ಕಾಣೆವು.